ತುಡುವೆ ಪೆಟ್ಟಿಗೆಗೆ ಏನಾಗಿದೆ? ಹಿತ್ತಲಲ್ಲಿ ಜೇನು ಸಾಕುವವರಿಗೆ ದೋಷ ನಿವಾರಣೆ ಕೈಪಿಡಿ

ಹಿತ್ತಲಲ್ಲಿ ಒಂದೆರಡು ಪೆಟ್ಟಿಗೆ ಇಟ್ಟುಕೊಂಡವರಿಗೆ ಎದುರಾಗುವ ತೊಂದರೆಗಳು ಬೆರಳೆಣಿಕೆಯವು. ಆದರೆ ಒಂದರ ಲಕ್ಷಣ ಇನ್ನೊಂದರಂತೆ ಕಾಣುತ್ತದೆ. ಹಸಿದ ಕುಟುಂಬಕ್ಕೆ ರೋಗ ಬಂದಿದೆ ಎಂದುಕೊಂಡು, ರೋಗ ಬಂದ ಕುಟುಂಬಕ್ಕೆ ಸಕ್ಕರೆ ಪಾಕ ಕೊಡುತ್ತಾ ಕುಳಿತು ಜೇನು ಕಳೆದುಕೊಳ್ಳುವವರೇ ಹೆಚ್ಚು.

ಇಲ್ಲಿರುವುದೆಲ್ಲ ತುಡುವೆ ಜೇನಿನ ವಿಚಾರ. ಕರಾವಳಿ, ಮಲೆನಾಡು, ಕೊಡಗಿನಲ್ಲಿ ಮನೆಯಂಗಳದ ಅಂಚಿಗೋ ಅಡಿಕೆ ತೋಟದ ಬದುವಿಗೋ ಇಟ್ಟು ಸಾಕುವ ಸಣ್ಣ ಪೆಟ್ಟಿಗೆಯ ಜೇನು ಇದು. ಮೊಬೈಲಿನಲ್ಲಿ ಸಿಗುವ ಜೇನು ಸಾಕಣೆಯ ವಿಡಿಯೊಗಳಲ್ಲಿ ಬಹಳಷ್ಟು ಮೆಲ್ಲಿಫೆರಾ ಎಂಬ ಯುರೋಪಿಯನ್ ಜೇನಿನವು. ಅದರ ಲೆಕ್ಕಾಚಾರ ತುಡುವೆಗೆ ಹೊಂದುವುದಿಲ್ಲ. ಮೆಲ್ಲಿಫೆರಾ ಕಷ್ಟಕಾಲದಲ್ಲೂ ಹೆಚ್ಚಾಗಿ ಪೆಟ್ಟಿಗೆಯಲ್ಲೇ ಉಳಿದು ಸೊರಗುತ್ತದೆ, ತುಡುವೆ ಗೂಡು ಬಿಟ್ಟು ಎದ್ದು ಹೋಗುತ್ತದೆ. ಹಾಗಾಗಿ ಎರಡು ದಿನಕ್ಕೊಮ್ಮೆ ಮುಚ್ಚಳ ತೆಗೆದು ಎಲ್ಲ ಎರಿಗಳನ್ನೂ ಎತ್ತಿ ನೋಡುವ ಉತ್ಸಾಹವೇ ಇಲ್ಲಿ ಮೊದಲ ದೋಷ. ತುಡುವೆಯ ತೊಂದರೆಗಳಲ್ಲಿ ಹಲವನ್ನು ಪೆಟ್ಟಿಗೆ ತೆರೆಯದೆಯೇ ಗುರುತಿಸಬಹುದು.

ತೆರೆಯುವ ಮುನ್ನ ನೋಡಬೇಕಾದ್ದು

ಬೆಳಿಗ್ಗೆ ಎಂಟರಿಂದ ಹತ್ತರ ನಡುವೆ ಪೆಟ್ಟಿಗೆಯ ಪಕ್ಕಕ್ಕೆ (ಮುಂದೆ ನಿಂತರೆ ಹಾರುವ ದಾರಿಗೆ ಅಡ್ಡ) ಹತ್ತು ನಿಮಿಷ ನಿಂತು ಬಾಗಿಲು ನೋಡಿ. ಹಿಂಗಾಲಿನಲ್ಲಿ ಪರಾಗದ ಉಂಡೆ ಹೊತ್ತ ನೊಣಗಳು ಬರುತ್ತಿದ್ದರೆ ಒಳಗೆ ಉಣಿಸಬೇಕಾದ ಮರಿಗಳಿವೆ, ಹೆಚ್ಚಾಗಿ ರಾಣಿಯೂ ಇದ್ದಾಳೆ. ಬಾಗಿಲಲ್ಲಿ ತಲೆ ಹೊರಗೆ ಮಾಡಿ ರೆಕ್ಕೆ ಬೀಸುವ ನೊಣಗಳು ಕಂಡರೆ ಅದು ಗಾಳಿ ಹಾಕುವ ಕೆಲಸ. ತುಡುವೆ ನಿಲ್ಲುವುದೇ ಹಾಗೆ, ಮೆಲ್ಲಿಫೆರಾ ಮಾತ್ರ ತಲೆ ಒಳಗೆ ಮಾಡಿ ಬೀಸುತ್ತದೆ.

ಆಮೇಲೆ ಅಡಿಮಣೆ. ಅದರ ಮೇಲೆ ಬಿದ್ದದ್ದನ್ನು ಬಿಳಿ ಕಾಗದಕ್ಕೆ ಕೊಡವಿ ಬೆಳಕಿನಲ್ಲಿ ನೋಡಿ. ಒಣಗಿದ ಮೇಣದ ಹೊಟ್ಟು ಮಾತ್ರ ಇದ್ದರೆ ಭಯ ಬೇಡ, ತುಡುವೆ ಹಳೆಯ ಕಪ್ಪು ಎರಿಯನ್ನು ತಾನೇ ಕಡಿದು ಉದುರಿಸುತ್ತದೆ. ಕಪ್ಪು ಕಾಳಿನಂಥ ಹಿಕ್ಕೆ, ಜೇಡರ ಬಲೆಯಂಥ ಎಳೆ ಇದ್ದರೆ ಮೇಣದ ಹುಳು ಹತ್ತಿದೆ. ಸತ್ತ ಮರಿಹುಳುಗಳು ಬಿದ್ದಿದ್ದರೆ ರೋಗದ ಭಾಗಕ್ಕೆ ಹೋಗಿ. ನೊಣಗಳ ತಲೆ, ರೆಕ್ಕೆ, ಕಾಲುಗಳ ಚೂರು ಇದ್ದರೆ ಕಡಜ, ಇರುವೆ ಅಥವಾ ಹಲ್ಲಿಯ ಕೆಲಸ.

ಮೂರನೆಯದು ತೂಕ. ಪೆಟ್ಟಿಗೆಯ ಹಿಂಬದಿಯನ್ನು ಒಂದೇ ಕೈಯಲ್ಲಿ ಒಂದು ಅಂಗುಲ ಎತ್ತಿ ನೋಡಿ. ತಿಂಗಳಿಗೆರಡು ಸಲ ಹೀಗೆ ಮಾಡುತ್ತಿದ್ದರೆ ಒಳಗಿನ ಜೇನಿನ ದಾಸ್ತಾನು ಕೈಗೇ ಗೊತ್ತಾಗುತ್ತದೆ. ಇಷ್ಟಾದ ಮೇಲೂ ಸಂಶಯ ಉಳಿದರೆ ಮಾತ್ರ ಮುಚ್ಚಳ ತೆಗೆಯಬೇಕು.

ತೆಗೆಯುವಾಗ ಮುಖಪರದೆ ಕಡ್ಡಾಯ, ತಿಳಿ ಬಣ್ಣದ ಉದ್ದ ತೋಳಿನ ಬಟ್ಟೆ ಇರಲಿ, ಸೆಂಟು ಬೇಡ. ಮಳೆ, ಜೋರು ಗಾಳಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ ತೆರೆಯಬೇಡಿ. ಹೊಗೆ ತಿದಿಗೆ ಒಣಗಿದ ತೆಂಗಿನ ಸಿಪ್ಪೆ ಸಾಕು. ಹೊಗೆ ಬಿಳಿಯಾಗಿ ತಣ್ಣಗಿರಬೇಕು, ಬಾಗಿಲಿಗೆ ಎರಡು ಮೂರು ಸಲ ಒತ್ತಿದರೆ ಮುಗಿಯಿತು. ಅತಿಯಾದ ಹೊಗೆಯೂ ತುಡುವೆಯನ್ನು ಓಡಿಸುತ್ತದೆ. ಬೇಸಿಗೆಯಲ್ಲಿ ತಿದಿಯನ್ನು ತರಗೆಲೆಯ ಮೇಲೆ ಇಡಬೇಡಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ.

ಒಂದು ನೊಣ ಕುಟುಕಿದರೆ ಆ ಜಾಗದಿಂದ ಹೊರಡುವ ವಾಸನೆಗೆ ಇನ್ನಷ್ಟು ನೊಣಗಳು ಎರಗುತ್ತವೆ. ಮುಳ್ಳನ್ನು ಉಗುರಿನಿಂದ ಕೆರೆದು ತೆಗೆದು, ಆ ಜಾಗಕ್ಕೆ ಹೊಗೆ ಹಿಡಿದು, ಕೆಲಸ ನಿಲ್ಲಿಸಿ ದೂರ ಬನ್ನಿ. ಕುಟುಕಿದ ಕಡೆ ಊದಿಕೊಳ್ಳುವುದು ಸಹಜ. ಆದರೆ ಮೈಯೆಲ್ಲ ದದ್ದು ಏಳುವುದು, ತುಟಿ ಗಂಟಲು ಊದುವುದು, ಉಸಿರು ಕಟ್ಟುವುದು, ತಲೆ ಸುತ್ತುವುದು ಇವುಗಳಲ್ಲಿ ಒಂದಾದರೂ ಕಂಡರೆ ಮನೆಮದ್ದಿಗೆ ಸಮಯವಿಲ್ಲ, ತಕ್ಷಣ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಒಮ್ಮೆ ಹೀಗಾದವರು ವೈದ್ಯರನ್ನು ಕೇಳದೆ ಮತ್ತೆ ಪೆಟ್ಟಿಗೆ ಮುಟ್ಟಬಾರದು. ಹತ್ತಿರದ ಮರದಲ್ಲಿ ಹೆಜ್ಜೇನು ಕಟ್ಟಿದ್ದರೆ ಆ ದಿಕ್ಕಿಗೆ ಹೊಗೆ ಹೋಗದಂತೆ ನೋಡಿಕೊಳ್ಳಿ. ಹೆಜ್ಜೇನು ಎದ್ದರೆ ಮನೆಯೊಳಗೆ ಓಡಿ ಬಾಗಿಲು ಹಾಕಿಕೊಳ್ಳುವುದೊಂದೇ ದಾರಿ.

ಬಾಗಿಲ ಮುಂದೆ ಇದ್ದಕ್ಕಿದ್ದಂತೆ ಗದ್ದಲ

ನಾಲ್ಕು ಬೇರೆ ಬೇರೆ ಸಂಗತಿಗಳು ದೂರಕ್ಕೆ ಒಂದೇ ಥರ ಕಾಣುತ್ತವೆ.

ಮಧ್ಯಾಹ್ನ ಹನ್ನೆರಡರಿಂದ ಮೂರರ ನಡುವೆ ಹತ್ತಾರು ನೊಣಗಳು ಪೆಟ್ಟಿಗೆಗೆ ಮುಖ ಮಾಡಿ ಮೇಲೆ ಕೆಳಗೆ ತೂಗಾಡುತ್ತಾ ಹಾರಿ, ಕಾಲು ಗಂಟೆಯಲ್ಲಿ ತಣ್ಣಗಾದರೆ ಅದು ಎಳೆಯ ನೊಣಗಳು ತಮ್ಮ ಮನೆಯ ಗುರುತು ಹಿಡಿಯುವ ಹಾರಾಟ. ಏನೂ ಮಾಡಬೇಕಾಗಿಲ್ಲ, ಕುಟುಂಬ ಬೆಳೆಯುತ್ತಿದೆ ಎಂದರ್ಥ.

ನೊಣಗಳು ಬಾಗಿಲಲ್ಲಿ ಕಚ್ಚಾಡಿ ಉರುಳಾಡುತ್ತಿದ್ದರೆ, ಪೆಟ್ಟಿಗೆಯ ಸಂದುಗೊಂದುಗಳಲ್ಲಿ ಮೂಸುತ್ತಾ ದಾರಿ ಹುಡುಕುತ್ತಿದ್ದರೆ ಅದು ಕಳವು. ಹೂವಿಲ್ಲದ ಕಾಲದಲ್ಲಿ ಬಲವಾದ ಕುಟುಂಬ ಬಡ ಕುಟುಂಬದ ಜೇನು ದೋಚುತ್ತದೆ. ಹಗಲು ಹೊತ್ತು ಪಾಕ ಕೊಟ್ಟದ್ದು, ಪಾಕ ನೆಲಕ್ಕೆ ಚೆಲ್ಲಿದ್ದು, ಜೇನೆರಿ ತುಂಡನ್ನು ಹೊರಗೆ ಬಿಟ್ಟದ್ದು ಇದಕ್ಕೆ ಮಾಮೂಲಿ ಕಾರಣ. ಬಾಗಿಲನ್ನು ಒಂದೆರಡು ನೊಣ ನುಸುಳುವಷ್ಟಕ್ಕೆ ಕಿರಿದು ಮಾಡಿ, ಸಂದುಗಳನ್ನು ಸೆಗಣಿ ಅಥವಾ ಮಣ್ಣಿನಿಂದ ಮೆತ್ತಿ, ಪೆಟ್ಟಿಗೆಯ ಮೇಲೆ ಒದ್ದೆ ಬಟ್ಟೆ ಹೊದಿಸಿ. ಕತ್ತಲಾದ ಮೇಲೆ ನಿಲ್ಲುತ್ತದೆ. ಮರುದಿನವೂ ಶುರುವಾದರೆ ಬಡ ಪೆಟ್ಟಿಗೆಯನ್ನು ಸಂಜೆ ಎತ್ತಿ ಎರಡು ಮೂರು ಕಿಲೋಮೀಟರ್ ದೂರದ ಪರಿಚಯಸ್ಥರ ತೋಟದಲ್ಲಿ ಇಡಿ.

ನೊಣಗಳು ಬಾಗಿಲಿಂದ ನೀರು ಸುರಿದ ಹಾಗೆ ಹೊರಗೆ ಬಂದು, ಹತ್ತಿರದ ಕೊಂಬೆಯಲ್ಲಿ ಗೊಂಚಲು ಕಟ್ಟಿದರೆ ಎರಡರಲ್ಲಿ ಒಂದು: ಕುಟುಂಬ ಪಾಲಾಗಿ ಒಂದು ಭಾಗ ಹೊರಟಿದೆ ಅಥವಾ ಪೂರ್ತಿ ಗೂಡು ಬಿಟ್ಟಿದೆ. ಈಗ ಮುಚ್ಚಳ ತೆಗೆಯಿರಿ. ಒಳಗೆ ನೊಣಗಳು, ಮರಿ, ಎರಿಯ ಕೆಳ ಅಂಚಿನಲ್ಲಿ ನೇತಾಡುವ ರಾಣಿ ಕೋಶ ಇದ್ದರೆ ಪಾಲು. ಇದು ಬೆಳೆದ ಕುಟುಂಬದ ಲಕ್ಷಣ. ಎರಿಗಳು ಖಾಲಿಯಾಗಿ ನಾಲ್ಕಾರು ನೊಣ ಮಾತ್ರ ಉಳಿದಿದ್ದರೆ ಪರಾರಿ. ಎರಡರಲ್ಲೂ ಗೊಂಚಲನ್ನು ಹಿಡಿಯುವ ಕ್ರಮ ಒಂದೇ: ಕೈಗೆಟಕುವ ಎತ್ತರವಾಗಿದ್ದರೆ ನೀರು ಚಿಮುಕಿಸಿ, ಕೆಳಗೆ ಖಾಲಿ ಪೆಟ್ಟಿಗೆ ಹಿಡಿದು ಕೊಂಬೆಯನ್ನು ಒಮ್ಮೆ ಬಲವಾಗಿ ಅಲುಗಿಸಿ. ಪಾಲಾಗಿದ್ದರೆ ಹೊಸ ಪೆಟ್ಟಿಗೆಯಲ್ಲಿ, ಸಾಧ್ಯವಾದರೆ ಬೇರೆ ಕುಟುಂಬದ ಒಂದು ಮರಿ ಎರಿಯ ಜೊತೆ ಕೂರಿಸಿ. ಪರಾರಿಯಾಗಿದ್ದರೆ ಹಳೆಯ ಪೆಟ್ಟಿಗೆಗೇ ಸುರಿಯಬೇಡಿ, ಓಡಿಸಿದ ಕಾರಣ ಅಲ್ಲೇ ಇರುತ್ತದೆ. ಎತ್ತರದ ಮರದ ಗೊಂಚಲಿಗಾಗಿ ಏಣಿ ಹತ್ತಿ ಸೊಂಟ ಮುರಿದುಕೊಳ್ಳಬೇಡಿ, ಅದನ್ನು ಹೋಗಲು ಬಿಡಿ.

ಬೇಸಿಗೆಯ ಸಂಜೆ ನೊಣಗಳು ಬಾಗಿಲ ಹೊರಗೆ ಗಡ್ಡದಂತೆ ಇಳಿಬಿದ್ದು ಸುಮ್ಮನೆ ಇದ್ದರೆ ಸೆಖೆ ಅಥವಾ ಇಕ್ಕಟ್ಟು. ನೆರಳು ಮಾಡಿ, ಹತ್ತಿರದಲ್ಲಿ ಕಲ್ಲು ಹಾಕಿದ ಅಗಲ ಪಾತ್ರೆಯಲ್ಲಿ ನೀರಿಡಿ, ಮರಿಗಳಿರುವ ಕೆಳಗಿನ ಕೋಣೆಯ (ಮರಿ ಕೋಣೆ) ಮೇಲೆ ಜೇನು ಕೂಡಲು ಇಡುವ ಜೇನು ಕೋಣೆಯನ್ನು ಏರಿಸಿಲ್ಲದಿದ್ದರೆ ಏರಿಸಿ.

ರಾಣಿ ಕೋಶ ಕಾಣುತ್ತಿದೆ, ಪಾಲಾಗಿಲ್ಲ

ಕರಾವಳಿಯಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ, ಒಳನಾಡಿಗೆ ಹೋದಂತೆ ಹೂವಿನ ಕಾಲಕ್ಕೆ ತಕ್ಕ ಹಾಗೆ ಸ್ವಲ್ಪ ಹಿಂದೆ ಮುಂದೆ, ಇದು ನಿರೀಕ್ಷಿತ. ತುಡುವೆಯ ರಾಣಿ ಮೊಟ್ಟೆಯಿಂದ ಹೊರಬರಲು ಸುಮಾರು 16 ದಿನ. ಮುಚ್ಚಿದ ಕೋಶದ ತುದಿಯ ಮೇಣವನ್ನು ನೊಣಗಳು ಕೆರೆದು ಕಂದು ಬಣ್ಣದ ತುದಿ ಕಾಣುತ್ತಿದ್ದರೆ ರಾಣಿ ಹೊರಬರುವ ದಿನ ಹತ್ತಿರ. ಬರೀ ಕೋಶಗಳನ್ನು ಕೀಳುತ್ತಾ ಹೋದರೆ ಪಾಲು ನಿಲ್ಲುವುದಿಲ್ಲ, ಎರಿಯ ಮರೆಯಲ್ಲಿ ಒಂದು ಉಳಿದೇ ಉಳಿಯುತ್ತದೆ. ನೀವೇ ಪಾಲು ಮಾಡುವುದು ಮೇಲು: ಹಳೆಯ ರಾಣಿಯ ಜೊತೆ ಮೂರು ಎರಿಗಳನ್ನು ಹೊಸ ಪೆಟ್ಟಿಗೆಗೆ ಸಾಗಿಸಿ, ಹಳೆಯದರಲ್ಲಿ ಒಂದು ಒಳ್ಳೆಯ ಕೋಶ ಬಿಟ್ಟು ಉಳಿದವನ್ನು ತೆಗೆಯಿರಿ. ಆ ಪೆಟ್ಟಿಗೆಯನ್ನು ಎರಡು ವಾರ ತೆರೆಯಬೇಡಿ, ಬಾಗಿಲಿಗೆ ರಾಣಿ ಗೇಟೂ (ರಾಣಿ ನುಸುಳಲಾಗದಂತೆ, ಕೆಲಸಗಾರರು ಮಾತ್ರ ದಾಟುವಂತೆ ಮಾಡಿದ ತಡೆ) ಹಾಕಬೇಡಿ. ಹೊಸ ರಾಣಿ ಮಿಲನಕ್ಕೆ ಹೊರಗೆ ಹಾರಲೇಬೇಕು.

ಪರಾಗ ಬರುವುದು ನಿಂತಿದೆ

ಪರಾರಿಯಾಗುವ ತುಡುವೆ ಮೊದಲು ಸೂಚನೆ ಕೊಡುತ್ತದೆ, ಮತ್ತು ಅದನ್ನು ಓದುವುದಕ್ಕೆ ಸಾಕಷ್ಟು ದಿನಗಳೂ ಸಿಗುತ್ತವೆ. ಮೊದಲು ರಾಣಿ ಮೊಟ್ಟೆ ಇಡುವುದನ್ನು ಕಡಿಮೆ ಮಾಡುತ್ತಾಳೆ. ಮೊಟ್ಟೆಯಿಲ್ಲದಿದ್ದರೆ ಎಳೆ ಮರಿಯಿಲ್ಲ, ಮರಿಯಿಲ್ಲದಿದ್ದರೆ ಪರಾಗ ಬೇಡ. ಕೋಶದ ಬಾಯಿಗೆ ಮೇಣ ಮೆತ್ತಿ ಮುಚ್ಚಿದ ಮರಿಗಳು ಹೊರಬರುವ ತನಕ ಕಾದು, ಉಳಿದ ಜೇನನ್ನು ಹೊಟ್ಟೆಗೆ ತುಂಬಿಕೊಂಡು ಒಂದು ಬಿಸಿಲಿನ ದಿನ ಎಲ್ಲ ಹೊರಡುತ್ತವೆ. ಕೆಲಸಗಾರ ನೊಣ ಮೊಟ್ಟೆಯಿಂದ ಹೊರಬರಲು ಸುಮಾರು 20 ದಿನ ಬೇಕಾದ್ದರಿಂದ, ಬಾಗಿಲನ್ನು ದಿನವೂ ನೋಡುವವರಿಗೆ ಒಂದು ವಾರಕ್ಕಿಂತ ಹೆಚ್ಚು ಕಾಲಾವಕಾಶ ಇರುತ್ತದೆ. (ಇರುವೆ ದಾಳಿಯಂಥ ಗಂಡಾಂತರದಲ್ಲಿ ಮಾತ್ರ ಮರಿ ಜೇನು ಎಲ್ಲ ಬಿಟ್ಟು ಗಂಟೆಯೊಳಗೆ ಹೋಗುತ್ತವೆ.)

ಆದ್ದರಿಂದ ಎರಡು ಮೂರು ದಿನ, ಮಳೆಯಿಲ್ಲದ ಬೆಳಿಗ್ಗೆಯೂ, ಪರಾಗ ಕಾಣದಿದ್ದರೆ ಸಂಜೆ ತೆರೆದು ನಡುವಿನ ಒಂದೇ ಎರಿ ಎತ್ತಿ. ಸೂರ್ಯನಿಗೆ ಬೆನ್ನು ಮಾಡಿ, ಬೆಳಕು ಕೋಶದ ತಳಕ್ಕೆ ಬೀಳುವಂತೆ ಎರಿಯನ್ನು ಓರೆ ಹಿಡಿಯಿರಿ. ತಳದಲ್ಲಿ ನಿಂತ ಅಥವಾ ಬಾಗಿದ ಬಿಳಿ ಎಳೆಯಷ್ಟು ಮೊಟ್ಟೆ ಕಂಡರೆ ಕಳೆದ ಮೂರು ದಿನಗಳಲ್ಲಿ ರಾಣಿ ಇದ್ದಳು. ಅವಳನ್ನು ಹುಡುಕುತ್ತಾ ಎಲ್ಲ ಎರಿ ಕದಡುವ ಅಗತ್ಯವಿಲ್ಲ, ಮುಚ್ಚಿಬಿಡಿ.

ಮೊಟ್ಟೆಯಿಲ್ಲ, ಜೇನೂ ಇಲ್ಲ ಎಂದಾದರೆ ಹಸಿವು. ಜೂನಿನಿಂದ ಸೆಪ್ಟೆಂಬರ್ ತನಕ ಕರಾವಳಿ ಮಲೆನಾಡಿನಲ್ಲಿ ಇದು ಮೊದಲ ಕಾರಣ. ಒಂದು ಲೀಟರ್ ನೀರಿಗೆ ಒಂದು ಕೆಜಿ ಸಕ್ಕರೆ ಕರಗಿಸಿ ಕುದಿಸಿ ಆರಿಸಿ. ಸೂರ್ಯ ಮುಳುಗಿದ ಮೇಲೆ, 200ರಿಂದ 250 ಮಿಲಿಯಷ್ಟು, ತೆಂಗಿನ ಕರಟದಲ್ಲಿ ಹಾಕಿ ಒಳಮುಚ್ಚಳದ ಕೆಳಗೆ ಇಡಿ. ನೊಣ ಮುಳುಗದಂತೆ ಮೇಲೆ ಒಣ ಕಡ್ಡಿಗಳನ್ನು ತೇಲಿಬಿಡಿ. ವಾರಕ್ಕೆ ಎರಡು ಸಲ ಸಾಕು. ಬೆಳಿಗ್ಗೆಗೆ ಪಾಕ ಉಳಿದಿದ್ದರೆ ತೆಗೆದು ಚೆಲ್ಲಿ, ಹುಳಿಯಾದದ್ದನ್ನು ಮತ್ತೆ ಕೊಡಬೇಡಿ. ಬೆಲ್ಲದ ಪಾಕದಿಂದ ನೊಣಗಳಿಗೆ ಭೇದಿಯಾಗುತ್ತದೆ. ಅಂಗಡಿಯ ಜೇನನ್ನು ಉಣಿಸಿದರೆ ಎಲ್ಲಿಂದಲೋ ರೋಗ ತಂದಂತೆ.

ಜೇನಿದೆ, ಆದರೂ ಮೊಟ್ಟೆಯಿಲ್ಲ ಎಂದಾದರೆ ಬಿಸಿಲು, ಇರುವೆ, ಮೇಣದ ಹುಳು, ಪದೇ ಪದೇ ತೆರೆಯುವುದು ಇವುಗಳನ್ನು ಒಂದೊಂದಾಗಿ ಸರಿಪಡಿಸಿ. ಮಧ್ಯಾಹ್ನ ಪೆಟ್ಟಿಗೆಯ ಮೇಲ್ಮುಚ್ಚಳ ಮುಟ್ಟಲಾಗದಷ್ಟು ಬಿಸಿಯಿದ್ದರೆ ಕಾರಣ ಹುಡುಕುತ್ತಾ ದೂರ ಹೋಗಬೇಕಿಲ್ಲ. ಹಿಡಿದಿಡಲು ಇರುವ ಅತ್ಯುತ್ತಮ ಉಪಾಯ ಇನ್ನೊಂದು ಆರೋಗ್ಯವಂತ ಕುಟುಂಬದಿಂದ ತೆರೆದ ಮರಿಗಳಿರುವ ಒಂದು ಎರಿ ಕೊಡುವುದು. ತುಡುವೆ ಎಳೆ ಮರಿಗಳನ್ನು ಬಿಟ್ಟು ಹೋಗಲು ಹಿಂಜರಿಯುತ್ತದೆ. ಜೊತೆಗೆ ನಾಲ್ಕೈದು ದಿನ ರಾಣಿ ಗೇಟು ಹಾಕಬಹುದು. ಗೇಟು ಸಮಯ ಕೊಡುತ್ತದೆಯೇ ಹೊರತು ಕಾರಣ ತೆಗೆಯುವುದಿಲ್ಲ. ತಿಂಗಳುಗಟ್ಟಲೆ ಗೇಟು ಹಾಕಿ ಇಟ್ಟ ಕುಟುಂಬ ಒಳಗೇ ಕ್ಷೀಣಿಸುವುದನ್ನು ಹಲವು ಹಿತ್ತಲುಗಳಲ್ಲಿ ನೋಡಬಹುದು.

ರಾಣಿ ಇಲ್ಲವೆನ್ನಿಸುತ್ತಿದೆ

ಮುಚ್ಚಳ ತೆಗೆದ ಕೂಡಲೇ ನೊಣಗಳು ಎರಿಯ ಮೇಲೆ ದಿಕ್ಕೆಟ್ಟು ಓಡಾಡುತ್ತಾ ನರಳುವಂಥ ದನಿ ಹೊರಡಿಸಿದರೆ ಸಂಶಯಪಡಿ. ಖಚಿತಪಡಿಸಿಕೊಳ್ಳಲು ಬೇರೆ ಕುಟುಂಬದಿಂದ ಮೊಟ್ಟೆ ಮತ್ತು ಎಳೆ ಮರಿಗಳಿರುವ ಎರಿಯೊಂದನ್ನು ಕೊಟ್ಟು ಮೂರನೆಯ ದಿನ ನೋಡಿ. ಅದರ ಮೇಲೆ ರಾಣಿ ಕೋಶ ಎದ್ದಿದ್ದರೆ ರಾಣಿ ಇರಲಿಲ್ಲ, ಈಗ ಅವೇ ಒಬ್ಬಳನ್ನು ಬೆಳೆಸಿಕೊಳ್ಳುತ್ತವೆ. ಕೋಶ ಏಳದಿದ್ದರೆ ರಾಣಿ ಇದ್ದಾಳೆ, ಅಥವಾ ಸ್ಥಿತಿ ಅದಕ್ಕಿಂತ ಕೆಟ್ಟಿದೆ.

ಆ ಕೆಟ್ಟ ಸ್ಥಿತಿ ಎಂದರೆ ಕೆಲಸಗಾರ ನೊಣಗಳೇ ಮೊಟ್ಟೆ ಇಡತೊಡಗುವುದು. ರಾಣಿ ಒಂದು ಕೋಶಕ್ಕೆ ಒಂದೇ ಮೊಟ್ಟೆಯನ್ನು ತಳದ ನಟ್ಟನಡುವೆ ಇಡುತ್ತಾಳೆ. ಒಂದೇ ಕೋಶದಲ್ಲಿ ಮೂರ್ನಾಲ್ಕು ಮೊಟ್ಟೆ, ಅದೂ ಗೋಡೆಗೆ ಅಂಟಿಕೊಂಡಂತೆ ಇದ್ದರೆ ಅವು ಕೆಲಸಗಾರರವು, ಅವುಗಳಿಂದ ಗಂಡು ನೊಣ ಮಾತ್ರ ಹುಟ್ಟುತ್ತವೆ. ತುಡುವೆಯಲ್ಲಿ ಇದು ಬಹಳ ಬೇಗ ಆಗುತ್ತದೆ. ಇಂಥ ಕುಟುಂಬ ಕೊಟ್ಟ ರಾಣಿಯನ್ನು ಕೊಲ್ಲುವುದೇ ಹೆಚ್ಚು. ಹವ್ಯಾಸಿಗಳು ಅದನ್ನು ಉಳಿಸುವ ಹಟ ಬಿಟ್ಟು ರಾಣಿಯಿರುವ ಬಲವಾದ ಕುಟುಂಬಕ್ಕೆ ಸೇರಿಸುವುದು ಒಳ್ಳೆಯದು. ಸಂಜೆ, ಬಲವಾದ ಕುಟುಂಬದ ಮರಿ ಕೋಣೆಯ ಮೇಲೆ ಸೂಜಿಯಿಂದ ಅಲ್ಲಲ್ಲಿ ಚುಚ್ಚಿದ ದಿನಪತ್ರಿಕೆಯ ಹಾಳೆ ಹರಡಿ, ಅದರ ಮೇಲೆ ರಾಣಿಯಿಲ್ಲದ ಕೋಣೆಯನ್ನು ಕೂರಿಸಿ. ನೊಣಗಳು ಕಾಗದ ಕಡಿದು ಬೆರೆಯುವಷ್ಟರಲ್ಲಿ ವಾಸನೆ ಒಂದಾಗಿರುತ್ತದೆ.

ಗಂಡು ಮರಿಗಳ ಕೋಶ ನೋಡಿ ಹೆದರುವವರಿದ್ದಾರೆ. ತುಡುವೆಯ ಗಂಡು ಕೋಶದ ಮುಚ್ಚಳ ಉಬ್ಬಿ, ತುದಿಯ ನಟ್ಟನಡುವೆ ಸೂಜಿಮೊನೆಯಷ್ಟು ಒಂದೇ ಅಚ್ಚುಕಟ್ಟಾದ ತೂತು ಇರುತ್ತದೆ. ಅದು ಸಹಜ. ಚಪ್ಪಟೆಯಾದ ಕೆಲಸಗಾರ ಕೋಶಗಳ ಮುಚ್ಚಳದಲ್ಲಿ ಅಡ್ಡಾದಿಡ್ಡಿ ಹರಿದ ತೂತು ಇದ್ದರೆ ಮಾತ್ರ ಮುಂದಿನ ಭಾಗ ಓದಿ.

ಮರಿಗಳು ಸಾಯುತ್ತಿವೆ

ಆರೋಗ್ಯವಂತ ಮರಿಹುಳು ಮುತ್ತಿನ ಬಿಳಿ, ಹೊಳೆಯುತ್ತದೆ, ಕೋಶದ ತಳದಲ್ಲಿ ಸುರುಳಿಯಾಗಿ ಮಲಗಿರುತ್ತದೆ. ಮರಿ ಎರಿ ಉದ್ದಕ್ಕೂ ಒತ್ತಾಗಿ ಮುಚ್ಚಿರುತ್ತದೆ. ಅಲ್ಲೊಂದು ಇಲ್ಲೊಂದು ಮುಚ್ಚಿ ನಡುವೆ ಖಾಲಿ ಬಿದ್ದು, ಮುಚ್ಚಳಗಳು ತೂತಾಗಿದ್ದರೆ ಒಂದು ಕೋಶವನ್ನು ಚಿಮಟದಿಂದ ತೆರೆದು ಒಳಗಿನದನ್ನು ನಿಧಾನ ಎಳೆಯಿರಿ.

ಹುಳು ಉದ್ದಕ್ಕೆ ನೆಟ್ಟಗೆ ಮಲಗಿ, ತಲೆ ಮೇಲೆತ್ತಿ ಮೊನಚಾಗಿ, ಎಳೆದರೆ ನೀರು ತುಂಬಿದ ತೆಳು ಚೀಲದಂತೆ ಇಡಿಯಾಗಿ ಹೊರಬಂದರೆ ಅದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ. ಬಣ್ಣ ಮೊದಲು ಮಾಸಲು ಹಳದಿ, ಆಮೇಲೆ ತಲೆಯ ಕಡೆಯಿಂದ ಕಂದು. ಒಣಗಿದ ಮೇಲೆ ದೋಣಿಯಾಕಾರದ ಚಕ್ಕೆಯಾಗುತ್ತದೆ, ಅಲುಗಿಸಿದರೆ ಸಲೀಸಾಗಿ ಕಳಚುತ್ತದೆ. ಗಬ್ಬು ನಾತವಿಲ್ಲ. 1991-92ರಲ್ಲಿ ದಕ್ಷಿಣ ಭಾರತಕ್ಕೆ ಹರಡಿ ಕರ್ನಾಟಕ, ಕೇರಳ, ತಮಿಳುನಾಡಿನ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿದ್ದು ಇದೇ ವೈರಾಣು. ಅದು ಈಗಲೂ ಆಗಾಗ ತಲೆ ಎತ್ತುತ್ತದೆ.

ಇದಕ್ಕೆ ಔಷಧಿಯಿಲ್ಲ. ಪ್ರತಿಜೀವಕ ಪುಡಿಯನ್ನು ಪಾಕದಲ್ಲಿ ಬೆರೆಸಿ ಕೊಡಿ ಎನ್ನುವವರ ಮಾತು ಕೇಳಬೇಡಿ. ವೈರಾಣುವಿಗೆ ಅದು ನಾಟುವುದಿಲ್ಲ, ಜೇನಿನಲ್ಲಿ ಮಾತ್ರ ಉಳಿಯುತ್ತದೆ. ಮಾಡಬಹುದಾದ್ದು ಹರಡದಂತೆ ತಡೆಯುವುದು ಮತ್ತು ಮರಿಗಳ ಸರಪಳಿ ತುಂಡರಿಸುವುದು. ಆ ಪೆಟ್ಟಿಗೆಯ ಎರಿ, ಚೌಕಟ್ಟು, ಉಪಕರಣ ಯಾವುದೂ ಇನ್ನೊಂದಕ್ಕೆ ಹೋಗಬಾರದು. ಎಲ್ಲ ಪೆಟ್ಟಿಗೆಗಳನ್ನು ನೋಡಿ ಮುಗಿಸಿ ಕೊನೆಗೆ ಇದನ್ನು ಮುಟ್ಟಿ, ಕೈ ಸೋಪಿನಲ್ಲಿ ತೊಳೆಯಿರಿ. ಕಳವು ಆಗದಂತೆ ಬಾಗಿಲು ಕಿರಿದು ಮಾಡಿ. ತುಂಬ ಹಾಳಾದ ಮರಿ ಎರಿಗಳನ್ನು ಕತ್ತರಿಸಿ ಸುಡಿ ಅಥವಾ ಆಳವಾಗಿ ಹೂಳಿ. ರಾಣಿಯನ್ನು ತೆಗೆದು, ರೋಗ ತಟ್ಟದ ಕುಟುಂಬದ ರಾಣಿ ಕೋಶ ಕೊಟ್ಟರೆ ಹೊಸ ರಾಣಿ ಮೊಟ್ಟೆ ಇಡುವ ಹೊತ್ತಿಗೆ ಎರಡು ಮೂರು ವಾರದ ಬಿಡುವು ತಾನಾಗಿ ಸಿಗುತ್ತದೆ. ನೊಣಗಳು ಆ ಅವಧಿಯಲ್ಲಿ ಕೋಶಗಳನ್ನು ಚೊಕ್ಕಟ ಮಾಡಿಕೊಳ್ಳುತ್ತವೆ. ಬಿಡುವಿನಲ್ಲಿ ಪಾಕ ಕೊಡುತ್ತಿರಿ. ಖಾಲಿಯಾದ ಪೆಟ್ಟಿಗೆಯ ಒಳಗೋಡೆಯನ್ನು ಕೆರೆದು ಬೆಂಕಿಯ ಜ್ವಾಲೆ ಹಾಯಿಸಿ, ಕೆಲವು ದಿನ ಬಿಸಿಲಿಗಿಡಿ.

ಮುಚ್ಚಿಲ್ಲದ ಎಳೆ ಮರಿಗಳೇ ಹಳದಿಯಾಗಿ ತಿರುಚಿಕೊಂಡು ಸತ್ತು ಹುಳಿ ನಾತ ಬಂದರೆ ಅದು ಬೇರೆ, ಯುರೋಪಿಯನ್ ಫೌಲ್‌ಬ್ರೂಡ್ ಎಂಬ ಬ್ಯಾಕ್ಟೀರಿಯಾ ರೋಗ. ಹಸಿವು, ತೇವದಿಂದ ಸೊರಗಿದ ಕುಟುಂಬಕ್ಕೆ ಹತ್ತುತ್ತದೆ, ಉಣಿಸಿ ಬಲ ಕೊಟ್ಟರೆ ಎಷ್ಟೋ ಸಲ ಸುಧಾರಿಸುತ್ತದೆ. ಸತ್ತ ಮರಿಗೆ ಬೆಂಕಿಕಡ್ಡಿ ಚುಚ್ಚಿ ಎಳೆದಾಗ ಕಂದು ಅಂಟು ಎರಡು ಸೆಂಟಿಮೀಟರಿಗಿಂತ ಉದ್ದ ದಾರದಂತೆ ಹಿಗ್ಗಿದರೆ, ಅದು ಅಮೆರಿಕನ್ ಫೌಲ್‌ಬ್ರೂಡ್ ಇರಬಹುದು. ತುಡುವೆಯಲ್ಲಿ ಅಪರೂಪ, ಆದರೆ ಕಂಡರೆ ಅಲ್ಲಿಗೇ ನಿಲ್ಲಿಸಿ ತಜ್ಞರಿಗೆ ತೋರಿಸಿ.

ಎರಡಕ್ಕಿಂತ ಹೆಚ್ಚು ಪೆಟ್ಟಿಗೆಯಲ್ಲಿ ಮರಿ ಸಾಯುತ್ತಿದ್ದರೂ ಹಾಗೆಯೇ. ತಾಲೂಕಿನ ತೋಟಗಾರಿಕೆ ಇಲಾಖೆ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಜೇನು ಕೃಷಿ ವಿಭಾಗ ಇಂಥದ್ದಕ್ಕೆ ಇವೆ. ದಕ್ಷಿಣ ಕನ್ನಡದವರಿಗೆ ಪುತ್ತೂರಿನ ಜೇನು ವ್ಯವಸಾಯಗಾರರ ಸಹಕಾರಿ ಸಂಘವೂ, ಕೊಡಗಿನವರಿಗೆ ಭಾಗಮಂಡಲದ ಜೇನು ಕೃಷಿ ಕೇಂದ್ರವೂ ಇದೆ. ಮೊದಲು ಮರಿ ಎರಿಯ ಸ್ಪಷ್ಟ ಫೋಟೊ ಕಳಿಸಿ. ಮಾದರಿ ಕೇಳಿದರೆ ಅಂಗೈ ಅಗಲದ ಎರಿ ತುಂಡನ್ನು ಕಾಗದದಲ್ಲಿ ಸುತ್ತಿ. ಪ್ಲಾಸ್ಟಿಕ್ಕಿನಲ್ಲಿ ಬೂಷ್ಟು ಹಿಡಿದರೆ ಏನೂ ತಿಳಿಯದು.

ಎರಿಯಲ್ಲಿ ಬಲೆ, ಸುರಂಗ

ಮೇಣದ ಹುಳು ಕುಟುಂಬ ಬಡವಾದದ್ದರ ಫಲ, ಕಾರಣವಲ್ಲ. ಎಂಟು ಎರಿಯಲ್ಲಿ ನೊಣ ನಾಲ್ಕರ ಮೇಲೆ ಮಾತ್ರ ಇದ್ದರೆ ಉಳಿದ ನಾಲ್ಕು ಹುಳುವಿನ ಪಾಲು. ನೊಣ ಕೂರದ ಎರಿಗಳನ್ನೆಲ್ಲ ತೆಗೆದು ಡಮ್ಮಿ ಹಲಗೆಯಿಂದ ಕೋಣೆ ಕಿರಿದಾಗಿಸಿ. ಅಡಿಮಣೆಯನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೆರೆದು ಒರೆಸಿ, ಮೊಟ್ಟೆ ಇಡುವುದು ಅದರ ಬಿರುಕುಗಳಲ್ಲೇ. ಸುರಂಗ ಒಂದೆರಡು ಅಂಗುಲ ಇದ್ದರೆ ಆ ಭಾಗ ಕತ್ತರಿಸಿದರೆ ಸಾಕು. ತೆಗೆದ ಒಳ್ಳೆಯ ಎರಿಗಳನ್ನು ಒಂದು ದಿನ ಫ್ರೀಜರಿನಲ್ಲಿಟ್ಟರೆ ಮೊಟ್ಟೆ, ಹುಳು ಎರಡೂ ಸಾಯುತ್ತವೆ. ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿಡಿ. ನುಸಿಗುಳಿಗೆ ಹಾಕಬೇಡಿ, ಮೇಣ ಅದನ್ನು ಹೀರಿಕೊಂಡು ಜೇನಿಗೆ ಬಿಡುತ್ತದೆ.

ಬಾಗಿಲ ಮುಂದೆ ಸತ್ತ ನೊಣಗಳ ರಾಶಿ

ಮಳೆಗಾಲದ ಆರಂಭದಲ್ಲಿ ದಪ್ಪ, ಕಪ್ಪು, ದೊಡ್ಡ ಕಣ್ಣಿನ ನೊಣಗಳಷ್ಟೇ ಬಿದ್ದಿದ್ದರೆ ಕುಟುಂಬ ಗಂಡುಗಳನ್ನು ಹೊರಹಾಕಿದೆ, ಅಷ್ಟೆ.

ಒಂದೇ ದಿನದಲ್ಲಿ ನೂರಾರು ಕೆಲಸಗಾರ ನೊಣ ಬಿದ್ದು, ನಾಲಿಗೆ ಹೊರಚಾಚಿ, ಕೆಲವು ಗಿರಗಿರ ಸುತ್ತುತ್ತಿದ್ದರೆ ಕೀಟನಾಶಕ. ಗೇರು ಹೂ ಬಿಡುವಾಗ ಟೀ ಸೊಳ್ಳೆ ಎಂಬ ಬೆಳೆ ಕೀಟಕ್ಕೆ ಹೊಡೆಯುವ ಔಷಧಿ, ತರಕಾರಿ ತೋಟದ ಸಿಂಪಡಣೆ ಮೊದಲು ವಿಚಾರಿಸಬೇಕಾದವು. ಪರಾಗ ತುಂಬಿದ ಎರಿ ತೆಗೆಯಿರಿ (ವಿಷ ಅದರಲ್ಲಿ ಉಳಿದಿರುತ್ತದೆ), ಪಾಕ ಮತ್ತು ಶುದ್ಧ ನೀರು ಕೊಡಿ, ಆ ಋತುವಿನ ಜೇನು ತೆಗೆಯಬೇಡಿ. ಸತ್ತ ನೊಣಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ನೆರೆಯವರ ಜೊತೆ ಜಗಳಕ್ಕಿಂತ ಮಾತು ಲಾಭ: ಸೂರ್ಯ ಮುಳುಗಿದ ಮೇಲೆ ಹೊಡೆಯಲು, ಹಿಂದಿನ ದಿನ ತಿಳಿಸಲು ಕೇಳಿಕೊಳ್ಳಿ. ತಿಳಿಸಿದರೆ ಹಿಂದಿನ ರಾತ್ರಿ ಬಾಗಿಲಿಗೆ ಜಾಲರಿ ಕಟ್ಟಿ, ಪೆಟ್ಟಿಗೆಯನ್ನು ನೆರಳಿನಲ್ಲಿ ಒದ್ದೆ ಗೋಣಿ ಹೊದಿಸಿ ಒಂದು ಹಗಲು ಇಡಬಹುದು, ಅದಕ್ಕಿಂತ ಹೆಚ್ಚು ಬೇಡ.

ಇರುವೆ, ಕಡಜ, ಹಕ್ಕಿ

ಪೆಟ್ಟಿಗೆಯ ಸ್ಟ್ಯಾಂಡು ಎರಡೂವರೆ ಅಡಿ ಎತ್ತರವಿರಲಿ, ಕಾಲುಗಳು ನೀರಿನ ಬಟ್ಟಲಲ್ಲಿರಲಿ. ಒಂದು ಹುಲ್ಲಿನ ಎಸಳು ಪೆಟ್ಟಿಗೆಗೆ ತಾಗಿದರೂ ಇರುವೆಗೆ ಅದು ಸೇತುವೆ. ಬಟ್ಟಲ ನೀರು ನಾಲ್ಕು ದಿನಕ್ಕೊಮ್ಮೆ ಬದಲಿಸಿ, ಇಲ್ಲವಾದರೆ ಸೊಳ್ಳೆ ಸಾಕಿದಂತೆ. ಕಡಜವನ್ನು ಬ್ಯಾಡ್ಮಿಂಟನ್ ರ‍್ಯಾಕೆಟ್‌ನಿಂದ ಹೊಡೆಯುವುದೇ ಪರಿಣಾಮಕಾರಿ. ಬಾಗಿಲ ಎತ್ತರವನ್ನು ನೊಣ ಮಾತ್ರ ನುಗ್ಗುವಷ್ಟು ಮಾಡಿ. ಬಾಗಿಲಲ್ಲಿ ನೊಣಗಳು ನಿಂಬೆಗಾತ್ರದ ಉಂಡೆ ಕಟ್ಟಿ ಮಿಸುಕಾಡುತ್ತಿದ್ದರೆ ಬಿಡಿಸಬೇಡಿ, ಒಳಗೆ ಸಿಕ್ಕ ಕಡಜವನ್ನು ಅವು ಮೈಬಿಸಿಯಿಂದ ಕೊಲ್ಲುತ್ತಿವೆ. ಕಡಜದ ಗೂಡಿಗೆ ನೀವೇ ಬೆಂಕಿ ಹಚ್ಚುವ ಸಾಹಸ ಬೇಡ. ಕಳ್ಳಿಪೀರ, ಕಾಜಾಣ ತಿನ್ನುವಷ್ಟನ್ನು ಬಲವಾದ ಕುಟುಂಬ ತುಂಬಿಕೊಳ್ಳುತ್ತದೆ.

ನೊಣ ತುಂಬಿದೆ, ಜೇನಿಲ್ಲ

ಜೇನು ಕೋಣೆಗೆ ನೊಣ ಹತ್ತದಿದ್ದರೆ ಅದನ್ನು ಬೇಗ ಇಟ್ಟಿದ್ದೀರಿ. ಮರಿ ಕೋಣೆಯ ಎಲ್ಲ ಎರಿಗಳ ಎರಡೂ ಬದಿ ನೊಣ ತುಂಬಿದ ಮೇಲೆ ಇಡಬೇಕು, ಚೌಕಟ್ಟಿಗೆ ಮೇಣದ ಹಾಳೆಯ ಪಟ್ಟಿ ಅಂಟಿಸಿರಬೇಕು. ಎರಿ ಅಡ್ಡಡ್ಡ ಕಟ್ಟುತ್ತಿದ್ದರೆ ಚೌಕಟ್ಟುಗಳ ಅಂತರ ತಪ್ಪಿದೆ. ತುಡುವೆಗೆ ಓಡಾಡಲು ಸುಮಾರು 8 ಮಿಲಿಮೀಟರ್ ಜಾಗ ಸಾಕು, ಹೆಚ್ಚಾದಲ್ಲೆಲ್ಲ ಎರಿ ಕಟ್ಟುತ್ತದೆ. ಎರಡೂ ಸರಿಯಿದ್ದರೆ ಸುತ್ತಲಿನ ಹೂ ನೋಡಿ. ತೆಂಗು, ಅಡಿಕೆ, ನಾಚಿಕೆ ಮುಳ್ಳು ಪರಾಗ ಕೊಡುತ್ತವೆ, ಅವಷ್ಟೇ ಇದ್ದರೆ ಮರಿ ಹೆಚ್ಚುತ್ತದೆ, ಜೇನು ಕೂಡುವುದಿಲ್ಲ. ಜೇನಿಗೆ ರಬ್ಬರ್, ಅಂಟುವಾಳ, ನೇರಳೆ, ಹೊಂಗೆಯಂಥವು ಒಂದು ಕಿಲೋಮೀಟರ್ ಒಳಗೆ ಬೇಕು. ಹಿತ್ತಲ ಪೆಟ್ಟಿಗೆಯೊಂದು ವರ್ಷಕ್ಕೆ 5ರಿಂದ 10 ಕೆಜಿ ಕೊಟ್ಟರೆ ಅದು ಚೆನ್ನಾಗಿದೆ.

ಮರಿ ಕೋಣೆಯ ಜೇನನ್ನು ಮುಟ್ಟಬೇಡಿ. ಮೇ ಮಧ್ಯದ ಬಳಿಕ ಜೇನು ಕೋಣೆಯಲ್ಲಿ ಬಂದದ್ದನ್ನೂ ಬಿಡಿ. ಮೇ ತಿಂಗಳಲ್ಲಿ ಕೊನೆಯ ಹನಿಯನ್ನೂ ತಿರುಗಿಸಿ ತೆಗೆದವರ ಪೆಟ್ಟಿಗೆಗಳೇ ಆಗಸ್ಟಿನಲ್ಲಿ ಖಾಲಿಯಾಗುವುದು.

ಬಾಟಲಿಯ ಜೇನು ನೊರೆ ಬಂದಿದೆ, ಹರಳಾಗಿದೆ

ಹರಳಾಗುವುದು ಕಲಬೆರಕೆಯ ಲಕ್ಷಣವಲ್ಲ. ರಬ್ಬರಿನ ಜೇನು ಬೇಗ ಹರಳುಗಟ್ಟುತ್ತದೆ. ಬಾಟಲಿಯನ್ನು ಬೆರಳು ತಾಳುವಷ್ಟು ಬಿಸಿನೀರಿನಲ್ಲಿ ನಿಲ್ಲಿಸಿದರೆ ಕರಗುತ್ತದೆ. ಒಲೆಯ ಮೇಲೆ ನೇರವಾಗಿ ಇಡಬೇಡಿ.

ನೊರೆ ಬಂದು ಹುಳಿ ವಾಸನೆ ಹೊಡೆದರೆ ನೀರಿನಂಶ ಹೆಚ್ಚಾಗಿ ಹುದುಗಿದೆ. ನೀರು ಶೇಕಡಾ 20 ದಾಟಿದ ಜೇನು ಇಡಲು ಬಾರದು, ನಮ್ಮ ತೇವದ ಹವೆಯಲ್ಲಿ ತುಡುವೆ ಜೇನು ಸಲೀಸಾಗಿ ದಾಟುತ್ತದೆ. ಎರಿಯ ಮುಕ್ಕಾಲು ಭಾಗ ಮೇಣದಿಂದ ಮುಚ್ಚಿದ ಮೇಲೆ, ಮಳೆಯಿಲ್ಲದ ದಿನ ತೆಗೆಯಿರಿ. ಮುಚ್ಚದ ಎರಿಯನ್ನು ಅಡ್ಡ ಹಿಡಿದು ಒಮ್ಮೆ ಕೊಡವಿದಾಗ ಹನಿ ಸಿಡಿದರೆ ಅದನ್ನು ಪೆಟ್ಟಿಗೆಗೇ ಮರಳಿಸಿ. ಒಣಗಿದ ಗಾಜು ಅಥವಾ ಸ್ಟೀಲಿನ ಪಾತ್ರೆಯಲ್ಲಿ ಬಿಗಿಯಾಗಿ ಮುಚ್ಚಿಡಿ. ಹುದುಗಿದ ಜೇನನ್ನು ಪಾಕದ ಬದಲು ನೊಣಗಳಿಗೆ ಕೊಡಬೇಡಿ. ಒಂದು ವರ್ಷ ತುಂಬದ ಮಗುವಿಗೆ ಯಾವ ಜೇನನ್ನೂ, ಎಷ್ಟೇ ಶುದ್ಧವಾಗಿದ್ದರೂ, ನೆಕ್ಕಿಸಬೇಡಿ.